ಬಂಡೆಯಿಂದ ಬಿಲ್ಲೆಗೆ

ಮನುಷ್ಯನ ನೆನಪಿಗೆ ಆಯುಷ್ಯವು ಕಡಿಮೆ. ನಿನ್ನೆ ಕೇಳಿದ ಮಾತು ಇಂದು ಅರ್ಧ ಮರೆತಿರುತ್ತದೆ. ಅಜ್ಜನು ಕಂಡುಂಡದ್ದು ಮೊಮ್ಮಗನಿಗೆ ಕಥೆಯಾಗಿ ಉಳಿದರೆ ಅದೇ ಹೆಚ್ಚು. ಈ ಕೊರತೆಯನ್ನು ನೀಗಿಕೊಳ್ಳುವ ಸಲುವಾಗಿಯೇ ಮನುಷ್ಯನು ಬರವಣಿಗೆಯನ್ನು ಕಂಡುಕೊಂಡನು. ಆದರೆ ಬರೆದ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ. ಬರೆದದ್ದು ಯಾವ ವಸ್ತುವಿನ ಮೇಲೆ, ಅದಕ್ಕೆ ಎಷ್ಟು ಪ್ರತಿಗಳಿವೆ, ಆ ಪ್ರತಿಗಳು ಎಲ್ಲೆಲ್ಲಿ ಇವೆ, ಮುಂದೆ ಅವುಗಳನ್ನು ಓದಲು ಸಾಧ್ಯವೇ ಎಂಬ ನಾಲ್ಕು ಸಂಗತಿಗಳ ಮೇಲೆ ಬರಹದ ಬಾಳಿಕೆಯು ನಿಂತಿದೆ. ಕಲ್ಲಿನ ಮೇಲೆ ಅಕ್ಷರ ಕೊರೆಯುತ್ತಿದ್ದ ಕಾಲದಲ್ಲಿ ನಿಜವಾಗಿದ್ದ ಈ ಮಾತು ಗಣಕಯಂತ್ರದ ಕಾಲದಲ್ಲಿಯೂ ಅಷ್ಟೇ ನಿಜವಾಗಿದೆ.

ಇದಕ್ಕೆ ಸಾಕ್ಷಿಯನ್ನು ಅರಸಿಕೊಂಡು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ತುರ್ವಿಹಾಳ, ಲಿಂಗಸುಗೂರುಗಳ ಸೀಮೆಯಲ್ಲಿ ಮಸ್ಕಿ ಎಂಬ ಊರಿದೆ. 1915ರಲ್ಲಿ, ಈ ಪ್ರದೇಶವು ಹೈದರಾಬಾದಿನ ನಿಜಾಮನ ಆಡಳಿತಕ್ಕೆ ಒಳಪಟ್ಟಿದ್ದಾಗ, ಚಿನ್ನದ ಗಣಿಗಳ ಇಂಜಿನಿಯರನಾಗಿದ್ದ ಸಿ. ಬೀಡನ್ ಎಂಬಾತನು ಅಲ್ಲಿಯ ಬೆಟ್ಟದ ಬಂಡೆಯೊಂದರ ಮೇಲೆ ಪುರಾತನ ಲಿಪಿಯನ್ನು ಕಂಡನು. ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಶಾಸನ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಇಂತಹ ಶಾಸನಗಳಲ್ಲಿ ದೊರೆಯನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದ ಮಾತ್ರ ಕರೆಯಲಾಗಿತ್ತು. ಆತನು ಅಶೋಕನೇ ಆಗಿರಬೇಕೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆಯು ‘ಅಶೋಕ’ ಎಂಬ ಹೆಸರನ್ನೇ ನುಡಿದು ಆ ಊಹೆಯನ್ನು ದೃಢಪಡಿಸಿತು.

ಈ ಬಂಡೆಯ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮಸ್ಕಿಯ ಶಾಸನವು ಇಡಿಯಾಗಿ ಉಳಿದಿಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚಿನ ಬಿಸಿಲು ಮಳೆಗಳಿಗೆ ಒಡ್ಡಿಕೊಂಡ ಆ ಕಲ್ಲಿನ ಕೆಲವು ಅಕ್ಷರಗಳು ಸವೆದುಹೋಗಿವೆ. ಆದರೂ ಅದರ ಅರ್ಥವನ್ನು ತಿಳಿಯಲು ಸಾಧ್ಯವಾಯಿತು. ಏಕೆಂದರೆ ಅಶೋಕನು ಒಂದೇ ಸಂದೇಶವನ್ನು ಒಂದೇ ಬಂಡೆಯ ಮೇಲೆ ಬರೆಯಿಸಿ ಸುಮ್ಮನಾಗಿರಲಿಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ದೂರದ ಮಧ್ಯಪ್ರದೇಶದ ರೂಪನಾಥ, ಬಿಹಾರದ ಸಹಸ್ರಾಮ, ರಾಜಸ್ಥಾನದ ಬೈರಾಟ್ ಮುಂತಾದ ಕಡೆಗಳಲ್ಲಿಯೂ ಅಲ್ಪಸ್ವಲ್ಪ ವ್ಯತ್ಯಾಸಗಳೊಡನೆ ಅದೇ ಸಂದೇಶವು ದೊರೆತಿದೆ. ಒಂದು ಕಡೆ ಅಳಿಸಿದ ಸಾಲು ಮತ್ತೊಂದು ಕಡೆ ಸ್ಪಷ್ಟವಾಗಿದೆ. ಬೇರೆ ಹೆಚ್ಚಿನ ಬಂಡೆಗಳಲ್ಲಿ ಇಲ್ಲದ ಹೆಸರು ಮಸ್ಕಿಯಲ್ಲಿದೆ. ಒಂದು ಪ್ರತಿಯ ಗಾಯವನ್ನು ಇನ್ನೊಂದು ಪ್ರತಿಯು ಮಾಯಿಸಿದೆ. ಸಂದೇಶವನ್ನು ಉಳಿಸಿದ್ದು ಕಲ್ಲಿನ ಗಟ್ಟಿತನವೊಂದೇ ಅಲ್ಲ. ಪ್ರತಿಗಳ ಸಂಖ್ಯೆ ಮತ್ತು ಅವುಗಳ ನಡುವಣ ದೂರವೂ ಹೌದು.

ಕಲ್ಲಿನಿಂದ ಓಲೆಗೆ ಬಂದಾಗ ಬರಹವು ಹಗುರವಾಯಿತು. ಜೊತೆಗೆ ಅಲ್ಪಾಯುವೂ ಆಯಿತು. ಓಲೆಗರಿಯನ್ನು ಹದಮಾಡಿ, ಕಂಠದಿಂದ ಕೊರೆದು, ಮಸಿ ಸವರಿ, ಮರದ ಹಲಗೆಗಳ ನಡುವೆ ಕಟ್ಟಿಟ್ಟರೂ ಗೆದ್ದಲು, ತೇವ, ಬೆಂಕಿಗಳ ಭಯ ತಪ್ಪಿದ್ದಲ್ಲ. ಆದುದರಿಂದ ಹಳೆಯ ಗರಿಯು ಮುರಿಯುವ ಮೊದಲೇ ಅದನ್ನು ಹೊಸ ಗರಿಗೆ ಇಳಿಸುವ ಪದ್ಧತಿಯು ನಾಡಿನಲ್ಲಿ ಬೆಳೆದುಬಂದಿತು. ಹತ್ತನೆಯ ಶತಮಾನದ ಕೊನೆಯಲ್ಲಿ ಬಾಳಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಆ ಕಾವ್ಯವು ಇಂದಿಗೂ ಉಳಿದಿದೆ. ಅದೇ ಪೊನ್ನನ ‘ಭುವನೈಕ ರಾಮಾಭ್ಯುದಯ’ವು ಇಂದು ಹೆಸರಿಗೆ ಮಾತ್ರ ಉಳಿದಿದೆ, ಕಾವ್ಯವು ದೊರೆತಿಲ್ಲ. ರನ್ನನ ‘ಪರಶುರಾಮ ಚರಿತ’ವೂ ಒಂದನೆಯ ಗುಣವರ್ಮನ ‘ಶೂದ್ರಕ’ವೂ ಹೀಗೆಯೇ ಕಣ್ಮರೆಯಾಗಿವೆ. ಅವು ಕಳೆದುಹೋದದ್ದು ಕವಿಗಳ ಶಕ್ತಿ ಕಡಿಮೆಯಾಗಿದ್ದುದರಿಂದಲ್ಲ. ಕಾವ್ಯವೆಷ್ಟು ಹಿರಿದಾದರೂ ಕೊನೆಯ ಪ್ರತಿಯು ನಾಶವಾದ ದಿನವೇ ಅದರ ಬಾಳು ಮುಗಿಯುತ್ತದೆ.

ಈಗ ಬರಹವು ಓಲೆಯನ್ನೂ ಕಾಗದವನ್ನೂ ದಾಟಿ ಗಣಕಯಂತ್ರದೊಳಗೆ ಸೇರಿದೆ. ಪತ್ರ, ಲೆಕ್ಕ, ಚಿತ್ರ, ಹಾಡು ಯಾವುದೇ ಇರಲಿ, ಗಣಕಯಂತ್ರವು ಅದನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಕೇತಗಳ ಸಾಲಾಗಿ ಮಾರ್ಪಡಿಸಿ ಕಡತವೆಂಬ ಹೆಸರಿನಲ್ಲಿ ಕಾಪಿಡುತ್ತದೆ. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಸಂಗ್ರಾಹಕದಲ್ಲಿ ಎರಡು ಅಡಿ ಅಗಲದ 50 ಬಿಲ್ಲೆಗಳಿದ್ದವು. ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು 64 ಗಿಗಾಬೈಟಿನ ಮೆಮೊರಿ ಕಾರ್ಡೊಂದು ಉಗುರಿನಷ್ಟು ಅಗಲವಿದ್ದು, ಅದರ ಹನ್ನೆರಡು ಸಾವಿರಕ್ಕೂ ಹೆಚ್ಚು ಪಟ್ಟನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಇದು ವಿಜ್ಞಾನದ ದೊಡ್ಡ ಸಾಧನೆಯೇ ಸರಿ. ಆದರೆ ಅಂಗಿಯ ಜೇಬಿನಲ್ಲಿ ಹಿಡಿಸುವ ಗ್ರಂಥಾಲಯವು ಅಂಗಿಯ ಜೇಬಿನಿಂದಲೇ ಬಿದ್ದುಹೋಗಬಹುದೆಂಬುದನ್ನು ಮರೆಯಬಾರದು.

ಕಡತಗಳನ್ನು ಕಾಪಿಡುವ ಸಾಧನಗಳು ಹಲವು. ಪ್ರತಿಯೊಂದಕ್ಕೂ ಅದರದೇ ಗುಣವಿದೆ, ಅದರದೇ ದೋಷವಿದೆ. ಹಾರ್ಡ್ ಡಿಸ್ಕಿನಲ್ಲಿ ಕಾಂತಲೇಪನವುಳ್ಳ ಬಿಲ್ಲೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತವೆ. ಓದುವ ಮೊನೆಯು ಬಿಲ್ಲೆಯನ್ನು ಮುಟ್ಟದೆ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆಯಾದ ಅಂತರದಲ್ಲಿ ತೇಲುತ್ತಿರುತ್ತದೆ. ಕಡಿಮೆ ಬೆಲೆಗೆ ಹೆಚ್ಚು ಸ್ಥಳ ದೊರೆಯುವುದು ಇದರಲ್ಲಿ. ಆದರೆ ನಡೆಯುತ್ತಿರುವಾಗ ಕೈತಪ್ಪಿ ಬಿದ್ದರೆ ಮೊನೆಯು ಬಿಲ್ಲೆಗೆ ತಾಗಿ ಎಲ್ಲವೂ ಹಾಳಾಗಬಹುದು. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಎಸ್.ಎಸ್.ಡಿ.ಗಳಲ್ಲಿ ತಿರುಗುವ ಭಾಗವಿಲ್ಲ. ಅವುಗಳಲ್ಲಿ ಮಾಹಿತಿಯು ಸೂಕ್ಷ್ಮ ಕೋಶಗಳೊಳಗೆ ವಿದ್ಯುದಂಶವಾಗಿ ನೆಲೆಸಿರುತ್ತದೆ. ಆದುದರಿಂದ ಅವು ಪೆಟ್ಟನ್ನು ತಾಳುತ್ತವೆ, ವೇಗವಾಗಿಯೂ ಕೆಲಸಮಾಡುತ್ತವೆ. ಆದರೆ ಅವುಗಳಲ್ಲಿ ಬರೆದು ಅಳಿಸುವುದಕ್ಕೆ ಒಂದು ಮಿತಿಯಿದೆ. ವರ್ಷಗಟ್ಟಲೆ ವಿದ್ಯುತ್ ಸಂಪರ್ಕವಿಲ್ಲದೆ ಪೆಟ್ಟಿಗೆಯಲ್ಲಿಟ್ಟರೆ ಆ ವಿದ್ಯುದಂಶವು ನಿಧಾನವಾಗಿ ಸೋರಿಹೋಗಬಹುದು. ಪೆನ್‌ಡ್ರೈವ್ ಕಡತವನ್ನು ಒಯ್ಯುವ ಚೀಲವೇ ಹೊರತು ಕೂಡಿಡುವ ಹಗೇವಲ್ಲ.

ಮನೆಯಲ್ಲಿ ಬರೆಯಬಹುದಾದ ಸಿ.ಡಿ., ಡಿ.ವಿ.ಡಿ.ಗಳಲ್ಲಿ ಬಣ್ಣದ ಪದರವೊಂದರ ಮೇಲೆ ಬೆಳಕಿನ ಕಿರಣದಿಂದ ಗುರುತುಗಳನ್ನು ಮೂಡಿಸಲಾಗುತ್ತದೆ. ಒಮ್ಮೆ ಬರೆದ ಸಾಮಾನ್ಯ ಸಿ.ಡಿ.ಯನ್ನು ಅಳಿಸಲಾಗದೆಂಬುದು ಒಂದು ಅನುಕೂಲ. ಆದರೆ ಸಿ.ಡಿ.ಯೊಂದರಲ್ಲಿ ಹಿಡಿಸುವುದು ಸುಮಾರು 700 ಮೆಗಾಬೈಟ್ ಮಾತ್ರ. ಬಿಸಿಲಿಗೆ ಅದರ ಬಣ್ಣದ ಪದರವು ಕೆಡುತ್ತದೆ. ಈಗಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಅದನ್ನು ಓದುವ ಸಾಧನವೂ ಇರುವುದಿಲ್ಲ. ಇನ್ನು ‘ಕ್ಲೌಡ್’ ಎಂಬ ವ್ಯವಸ್ಥೆ. ಈ ಹೆಸರಿನ ಅರ್ಥ ಮೋಡವೆಂದಾದರೂ ಕಡತಗಳು ಆಕಾಶದಲ್ಲೇನೂ ಇರುವುದಿಲ್ಲ. ದೂರದ ಊರಿನಲ್ಲಿ ಯಾವುದೋ ಸಂಸ್ಥೆಯ ಗಣಕಯಂತ್ರಗಳಲ್ಲಿ ಇರುತ್ತವೆ. ಮನೆಗೆ ಒದಗುವ ಆಪತ್ತು ಅವುಗಳನ್ನು ತಟ್ಟದು. ಆದರೆ ಅಂತರಜಾಲವಿಲ್ಲದಿದ್ದರೆ ಅವು ಕೈಗೆಟುಕವು. ಗುಪ್ತಪದವನ್ನು ಮರೆತರೆ ಬೀಗದ ಕೈಯನ್ನು ಕಳೆದುಕೊಂಡಂತೆಯೇ ಸರಿ.

ಹಾಗಾದರೆ ಯಾವ ಸಾಧನವನ್ನು ನಂಬಬೇಕು? ಯಾವುದೊಂದನ್ನೂ ಪೂರ್ತಿಯಾಗಿ ನಂಬಬಾರದು ಎಂಬುದೇ ಇದಕ್ಕೆ ಬಲ್ಲವರು ಕೊಡುವ ಉತ್ತರ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬಾತನು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಪ್ರಚಾರಕ್ಕೆ ತಂದ ಸೂತ್ರವೊಂದು ಇಂದು ಎಲ್ಲೆಡೆ ಮಾನ್ಯವಾಗಿದೆ. ಅದನ್ನು ‘ಮೂರು, ಎರಡು, ಒಂದು’ ಎಂದು ನೆನಪಿಡಬಹುದು. ಮುಖ್ಯವಾದ ಕಡತಕ್ಕೆ ಮೂಲವೂ ಸೇರಿದಂತೆ ಮೂರು ಪ್ರತಿಗಳಿರಬೇಕು. ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿಯಾದರೂ ಬೇರೊಂದು ಸ್ಥಳದಲ್ಲಿರಬೇಕು. ತುರ್ವಿಹಾಳದ ಮನೆಯೊಂದರಲ್ಲಿ ಗಣಕಯಂತ್ರವಿದೆಯೆಂದು ಭಾವಿಸಬಹುದು. ಕಡತದ ಮೂಲವು ಅದರಲ್ಲಿರುತ್ತದೆ. ಎರಡನೆಯ ಪ್ರತಿಯನ್ನು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿಗೆ ವಾರಕ್ಕೊಮ್ಮೆ ಇಳಿಸಿ, ಸಂಪರ್ಕವನ್ನು ತೆಗೆದು, ಕಪಾಟಿನಲ್ಲಿಡಬೇಕು. ಮೂರನೆಯದು ಕ್ಲೌಡಿನಲ್ಲಿಯೋ ರಾಯಚೂರಿನಲ್ಲಿರುವ ಬಂಧುಗಳ ಮನೆಯಲ್ಲಿಯೋ ಇರಬೇಕು. ಮಸ್ಕಿಯ ಸಂದೇಶವೇ ಬ್ರಹ್ಮಗಿರಿಯಲ್ಲಿಯೂ ಇದ್ದಂತೆ ಇದು.

ಬೇರೊಂದು ಸ್ಥಳವೇಕೆಂದು ಕೇಳಬಹುದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯನ್ನು ರಾಯಚೂರು ಜಿಲ್ಲೆಯ ಜನರು ಮರೆತಿಲ್ಲ. ಅಂತಹ ನೀರು ಮನೆಯೊಳಗೆ ನುಗ್ಗಿದರೆ ಮೇಜಿನ ಮೇಲಿನ ಗಣಕಯಂತ್ರವನ್ನೂ ಅದರ ಪಕ್ಕದ ಕಪಾಟಿನಲ್ಲಿರುವ ಹಾರ್ಡ್ ಡಿಸ್ಕನ್ನೂ ಬೇರೆಯೆಂದು ಬಗೆಯುವುದಿಲ್ಲ. ಬೆಂಕಿಯೂ ಕಳ್ಳನೂ ಹಾಗೆಯೇ. ಸಿಡಿಲು ಬಡಿದಾಗ ವಿದ್ಯುತ್ ತಂತಿಗೆ ಜೋಡಿಸಿದ ಸಾಧನಗಳೆಲ್ಲವೂ ಒಟ್ಟಿಗೇ ಸುಡಬಹುದು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶಗಳೂ ಇವೆ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಇಂತಹ ಪಿಡುಗು ಸುಮಾರು 150 ದೇಶಗಳಿಗೆ ಹರಡಿತು. ಗಣಕಯಂತ್ರಕ್ಕೆ ಜೋಡಿಸಿಯೇ ಇಟ್ಟ ಪ್ರತಿಯನ್ನು ಅಂತಹ ತಂತ್ರಾಂಶವು ಮುಟ್ಟಬಲ್ಲದು. ಸಂಪರ್ಕ ತೆಗೆದು ಬೇರೆಯಾಗಿಟ್ಟ ಪ್ರತಿಯನ್ನು ಮುಟ್ಟಲಾರದು.

ದೊಡ್ಡ ಸಂಸ್ಥೆಗಳ ಕೈಯಲ್ಲಿರುವುದೆಲ್ಲ ಸುರಕ್ಷಿತವೆಂದು ನಂಬುವುದೂ ತಪ್ಪಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾ ದೇಶದ ದೇಜಾನ್ ನಗರದಲ್ಲಿ ಸರ್ಕಾರದ ಮಾಹಿತಿ ಕೇಂದ್ರವೊಂದಕ್ಕೆ ಬೆಂಕಿ ಬಿದ್ದಿತು. ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹವು ಅದರಲ್ಲಿ ಸುಟ್ಟುಹೋಯಿತು. ಅದರಲ್ಲಿದ್ದುದು 858 ಟೆರಾಬೈಟಿನಷ್ಟು ಮಾಹಿತಿ. ಅದಕ್ಕೆ ಬೇರೆ ಕಡೆಯಲ್ಲಿ ಪ್ರತಿಯಿರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶವೂ ಎರಡನೆಯ ಪ್ರತಿಯಿಲ್ಲದೆಡೆಯಲ್ಲಿ ಅಸಹಾಯಕವಾಗಬೇಕಾಯಿತು.

ಪ್ರತಿಯಿದೆಯೆಂಬ ನಂಬಿಕೆಯೂ ಸಾಲದು. ಅದು ಸರಿಯಾಗಿದೆಯೇ ಎಂದು ತೆರೆದು ನೋಡಬೇಕು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯು ‘ಟಾಯ್ ಸ್ಟೋರಿ 2’ ಎಂಬ ಮಕ್ಕಳ ಚಲನಚಿತ್ರವನ್ನು ಸಿದ್ಧಪಡಿಸುತ್ತಿತ್ತು. ಯಾರೋ ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಕಡತಗಳು ಒಂದೊಂದಾಗಿ ಅಳಿಸಿಹೋಗತೊಡಗಿದವು. ಸಂಸ್ಥೆಯಲ್ಲಿ ಪ್ರತಿ ತೆಗೆಯುವ ವ್ಯವಸ್ಥೆ ಇತ್ತು. ಆದರೆ ಅದು ಸರಿಯಾಗಿ ನಡೆಯುತ್ತಿರಲಿಲ್ಲವೆಂಬುದು ಆಗ ಬೆಳಕಿಗೆ ಬಂದಿತು. ಕೊನೆಗೆ ಅವರನ್ನು ಕಾಪಾಡಿದವರು ಗ್ಯಾಲಿನ್ ಸುಸ್ಮನ್ ಎಂಬ ಮಹಿಳೆ. ಹೆರಿಗೆಯಾದ ಬಳಿಕ ಮನೆಯಿಂದಲೇ ಕೆಲಸಮಾಡುವ ಸಲುವಾಗಿ ಅವರು ಚಿತ್ರದ ಪ್ರತಿಯನ್ನು ಮನೆಯ ಗಣಕಯಂತ್ರದಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ತಂದು ಚಿತ್ರವನ್ನು ಉಳಿಸಿಕೊಂಡರು. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯಂತಾಗುವುದು ಅಲ್ಲಿ ಅದೃಷ್ಟದಿಂದ ತಪ್ಪಿತು. ಆದರೆ ಅದೃಷ್ಟವು ಎಲ್ಲರ ಮನೆಯ ಬಾಗಿಲಿಗೂ ಬರುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಮೊಬೈಲಿನ ಚಿತ್ರಗಳು ತಾವಾಗಿಯೇ ಕ್ಲೌಡಿಗೆ ಹೋಗುವಂತೆ ಮಾಡಿಕೊಂಡು ನಿಶ್ಚಿಂತರಾಗಿರುವವರು ಹಲವರು. ಆದರೆ ಎರಡು ಕಡೆಯೂ ಸದಾ ಒಂದೇ ರೀತಿ ಇರುವಂತೆ ನೋಡಿಕೊಳ್ಳುವ ಏರ್ಪಾಡಿನಲ್ಲಿ, ಒಂದು ಕಡೆ ಅಳಿಸಿದ ಚಿತ್ರವು ಇನ್ನೊಂದು ಕಡೆಯಲ್ಲಿಯೂ ಅಳಿಸಿಹೋಗುತ್ತದೆ. ಅದು ಕನ್ನಡಿಯಂತೆ. ಕನ್ನಡಿಯಲ್ಲಿ ಕಾಣುವ ಮುಖವನ್ನು ಎರಡನೆಯ ಮುಖವೆಂದು ಎಣಿಸಬಾರದು. ಮೂಲದಲ್ಲಿ ತಪ್ಪು ನಡೆದರೂ ತಾನು ಬದಲಾಗದೆ ಉಳಿಯುವುದೇ ನಿಜವಾದ ಪ್ರತಿ.

ಉಳಿದರೆ ಸಾಲದು, ಓದಲೂ ಬರಬೇಕು. ಇಂಗ್ಲೆಂಡಿನ ದೊರೆ ವಿಲಿಯಮನು 1086ರಲ್ಲಿ ತನ್ನ ರಾಜ್ಯದ ಭೂಮಿಕಾಣಿಗಳ ವಿವರವನ್ನು ‘ಡೂಮ್ಸ್‌ಡೇ’ ಎಂದು ಹೆಸರಾದ ಗ್ರಂಥದಲ್ಲಿ ಬರೆಯಿಸಿದನು. ಚರ್ಮದ ಹಾಳೆಗಳ ಆ ಗ್ರಂಥವನ್ನು ಇಂದಿಗೂ ಓದಬಹುದು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸದೊಂದು ‘ಡೂಮ್ಸ್‌ಡೇ’ಯನ್ನು ಸಿದ್ಧಪಡಿಸಿತು. ಸಾವಿರಾರು ಶಾಲೆಗಳ ಮಕ್ಕಳು ತಮ್ಮ ಊರುಗಳ ವಿವರ ಬರೆದರು, ಚಿತ್ರ ತೆಗೆದರು. ಅವೆಲ್ಲವನ್ನೂ ಲೇಸರ್ ಬಿಲ್ಲೆಗಳಲ್ಲಿ ತುಂಬಲಾಯಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಬಿಲ್ಲೆಗಳನ್ನು ಓದುವ ಯಂತ್ರಗಳೇ ಅಪರೂಪವಾದವು. ಮಕ್ಕಳ ಬರಹವು ಬಿಲ್ಲೆಯೊಳಗೆ ಇದ್ದೂ ಇಲ್ಲದಂತಾಯಿತು. ಬಳಿಕ ತಜ್ಞರು ಬಹಳ ಶ್ರಮಪಟ್ಟು ಅದನ್ನು ಹೊರತೆಗೆಯಬೇಕಾಯಿತು.

ಕನ್ನಡಕ್ಕೂ ಇಂತಹ ಅನುಭವವಿದೆ. ಗಣಕಯಂತ್ರದಲ್ಲಿ ಕನ್ನಡವನ್ನು ಮೂಡಿಸಲು ಮೊದಲು ಬಳಕೆಗೆ ಬಂದ ಶ್ರೀಲಿಪಿ, ಬರಹ, ನುಡಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಮಾಲೆಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಲಾಗಿತ್ತು. ಆ ಅಕ್ಷರಮಾಲೆಯಿಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಜಗತ್ತಿನ ಭಾಷೆಗಳಿಗೆಲ್ಲ ಬೇರೆ ಬೇರೆ ಸಂಕೇತಗಳನ್ನು ಗೊತ್ತುಪಡಿಸುವ ಯೂನಿಕೋಡ್ ವ್ಯವಸ್ಥೆಯು 1991ರಲ್ಲಿ ಹೊರಬಂದಿತು. ಅದರಲ್ಲಿ ಮೊದಲಿನಿಂದಲೂ ಕನ್ನಡಕ್ಕೆ ಸ್ಥಾನವಿದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸಿಕೊಳ್ಳುವುದು ಓಲೆಯನ್ನು ಹೊಸ ಓಲೆಗೆ ಇಳಿಸಿದ ಹಿರಿಯರ ಕೆಲಸದ ಮುಂದುವರಿಕೆಯೇ ಆಗಿದೆ. ಕೆಲವು ವರ್ಷಗಳಿಗೊಮ್ಮೆ ಹಳೆಯ ಸಾಧನದಿಂದ ಹೊಸ ಸಾಧನಕ್ಕೆ ಪ್ರತಿಗಳನ್ನು ಸಾಗಿಸುವುದೂ ಹಾಗೆಯೇ.

ಎಲ್ಲ ಕಡತಗಳನ್ನೂ ಇಷ್ಟು ಎಚ್ಚರದಿಂದ ಕಾಯಬೇಕೆ? ಅದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಕಳೆದರೆ ಮತ್ತೆ ದೊರೆಯುವುದೇ ಎಂದು ಮೊದಲು ಕೇಳಿಕೊಳ್ಳಬೇಕು. ಪೇಟೆಯಲ್ಲಿ ದೊರೆಯುವ ಚಲನಚಿತ್ರವನ್ನು ಮತ್ತೊಮ್ಮೆ ಪಡೆಯಬಹುದು. ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಅಳವಡಿಸಿದೆ. ಆದುದರಿಂದ ರೈತನ ಮನೆಯಲ್ಲಿರುವ ಪಹಣಿಯ ಪ್ರತಿಯು ಕಳೆದರೆ ಇನ್ನೊಂದನ್ನು ತರಬಹುದು. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಅಜ್ಜಿಯಿಂದ ಮೊಮ್ಮಗಳು ಮೊಬೈಲಿನಲ್ಲಿ ಹಿಡಿದಿಟ್ಟ ಹಾಡಿಗೆ ಯಾವ ಕಚೇರಿಯಲ್ಲಿಯೂ ನಕಲು ಇರುವುದಿಲ್ಲ. ಆ ಮೊಬೈಲು ಕಾಲುವೆಯ ನೀರಿಗೆ ಬಿದ್ದರೆ ಹೊಸ ಮೊಬೈಲನ್ನು ಕೊಳ್ಳಬಹುದು. ಅಜ್ಜಿಯು ತೀರಿಕೊಂಡ ಮೇಲೆ ಆ ಹಾಡನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಮರಳಿ ಬಾರದುದಕ್ಕೇ ಹೆಚ್ಚು ಪ್ರತಿಗಳು ಬೇಕು.

ಹಾಗೆ ಉಳಿಸಿದ ಕಡತಕ್ಕೆ ಗುರುತೂ ಇರಬೇಕು. ಹಾಡಿದವರು ಯಾರು, ಊರು ಯಾವುದು, ದಿನ ಯಾವುದು ಎಂಬುದನ್ನು ಕಡತದ ಹೆಸರಿನಲ್ಲಿಯೇ ಬರೆದಿಡುವುದು ಒಳ್ಳೆಯದು. ಹೆಸರಿಲ್ಲದ ಸಾವಿರ ಚಿತ್ರಗಳ ನಡುವೆ ಸೇರಿಹೋದದ್ದು ಇದ್ದರೂ ಕಳೆದುಹೋದಂತೆಯೇ. ಒಂದು ಹೆಸರಿನ ಬೆಲೆಯೇನೆಂಬುದನ್ನು ಮಸ್ಕಿಯ ಬಂಡೆಗಿಂತ ಚೆನ್ನಾಗಿ ಹೇಳಬಲ್ಲ ಸಾಕ್ಷಿ ಮತ್ತೊಂದಿಲ್ಲ.

ಅಶೋಕನಿಗೆ ಅರಸೊತ್ತಿಗೆಯ ಬಲವಿತ್ತು. ಅತ್ತಿಮಬ್ಬೆಗೆ ಸಿರಿತನವೂ ಉದಾರ ಮನಸ್ಸೂ ಇದ್ದವು. ಆಗ ಒಂದು ಪ್ರತಿಗೆ ತಿಂಗಳುಗಳ ದುಡಿಮೆ ಬೇಕಾಗಿತ್ತು. ಈಗ ಸಾವಿರ ಪುಟಗಳ ಗ್ರಂಥಕ್ಕೂ ಕೆಲವು ಕ್ಷಣಗಳಲ್ಲಿ ಪ್ರತಿಯಾಗುತ್ತದೆ. ಶಾಲೆಯ ಬಾಲಕಬಾಲಕಿಯರೂ ಅದನ್ನು ಮಾಡಬಲ್ಲರು. ಪ್ರತಿ ಮಾಡುವುದು ಇಷ್ಟು ಸುಲಭವಾಗಿರುವ ಕಾಲದಲ್ಲಿ ಪ್ರತಿಯಿಲ್ಲದೆ ಒಂದು ಕಡತವು ಅಳಿದರೆ ಆ ನಷ್ಟದ ಹೊಣೆಯನ್ನು ಗೆದ್ದಲಿನ ಮೇಲೆ ಹೊರಿಸುವಂತಿಲ್ಲ, ಯಂತ್ರದ ಮೇಲೆಯೂ ಹೊರಿಸುವಂತಿಲ್ಲ. ಅದು ಕಾಯಬೇಕಾದವರ ಹೊಣೆಯೇ ಆಗಿದೆ.

ಪ್ರಶ್ನೆಗಳು

1. ಬರಹದ ಬಾಳಿಕೆಯು ಯಾವ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ?
2. ಮಸ್ಕಿಯ ಶಾಸನದ ಸವೆದ ಭಾಗಗಳನ್ನು ವಿದ್ವಾಂಸರು ತಿಳಿಯಲು ಸಾಧ್ಯವಾದದ್ದು ಹೇಗೆ?
3. ‘ಪೆನ್‌ಡ್ರೈವ್ ಕಡತವನ್ನು ಒಯ್ಯುವ ಚೀಲವೇ ಹೊರತು ಕೂಡಿಡುವ ಹಗೇವಲ್ಲ’ ಎಂಬ ಮಾತನ್ನು ವಿವರಿಸಿರಿ.
4. ‘ಮೂರು, ಎರಡು, ಒಂದು’ ಎಂಬ ಸೂತ್ರವನ್ನು ನಿಮ್ಮ ಮನೆಗೆ ಅನ್ವಯಿಸಿ ಬರೆಯಿರಿ.
5. ನಿಮ್ಮ ಮನೆಯಲ್ಲಿ ಕಳೆದರೆ ಮರಳಿ ದೊರೆಯದ ಬರಹ, ಚಿತ್ರ ಅಥವಾ ಧ್ವನಿ ಯಾವುದಿದೆ? ಹಿರಿಯರನ್ನು ಕೇಳಿ ಒಂದು ಪಟ್ಟಿಯನ್ನು ತಯಾರಿಸಿರಿ.